ಊರು ಮುಚ್ಚುವ ಮೊದಲು ಒಲೆ ರಿಪೇರಿ

ಒಂದು ಊರು ತನ್ನ ಆಡಳಿತಕ್ಕೆ ತಾನೇ ಬೀಗ ಹಾಕಿದ ಸಭೆಯ ಮಿನಿಟ್ಸ್ ನೀವು ಓದಿದ್ದೀರಾ? ನಾನು ಓದಿದೆ. ಕಳೆದ ಗುರುವಾರ, ದುಬೈಯ ಕರಾಮದ ಹೋಟೆಲಿನಲ್ಲಿ, ಮಸಾಲೆ ದೋಸೆ ಬರುವ ಮೊದಲು.

ಓದಿದೆ ಎಂದರೆ ಓದಿಸಿಕೊಂಡೆ. ಓದಿ ಅರ್ಥ ಹೇಳಿದವರು ಓಲಾವ್, ನಮ್ಮ ಹಡಗು ರಿಪೇರಿ ಆಫೀಸಿನ ನಾರ್ವೆ ಎಂಜಿನಿಯರ್. ಅವರ ಅಜ್ಜ ಪಶ್ಚಿಮ ನಾರ್ವೆಯ ಒಂದು ಹಳ್ಳಿಗಾಡು ಮುನಿಸಿಪಾಲಿಟಿಯ ಕೊನೆಯ ಮೇಯರ್. ಮುನಿಸಿಪಾಲಿಟಿ ಎಂದೊಡನೆ ದುಬೈಯ ಗಾಜಿನ ಕಟ್ಟಡ ನೆನೆಯಬೇಡಿ. ನಮ್ಮ ಕಡೆಯ ಗ್ರಾಮ ಪಂಚಾಯತಿಗಿಂತಲೂ ಚಿಕ್ಕದು. ಕರಾಮದ ನಾಲ್ಕು ಬಿಲ್ಡಿಂಗು ಖಾಲಿ ಮಾಡಿಸಿದರೆ ಅಷ್ಟು ಜನ ಸಿಕ್ಕಾರು. ರೈತರು, ಮೀನುಗಾರರು, ಒಬ್ಬ ಮಾಸ್ಟರು, ಒಬ್ಬ ಅಂಗಡಿಯವರು, ಇವರೇ ಸದಸ್ಯರು. (ಮೇಯರಿಗೆ ಕೆಂಪು ದೀಪದ ಕಾರಿರಲಿಲ್ಲ. ಕಾರೇ ಇರಲಿಲ್ಲ. ದೋಣಿಯಿತ್ತು, ಹುಟ್ಟು ತಾವೇ ಹಾಕಬೇಕಿತ್ತು.)

ಚರಿತ್ರೆಯೂ ಚೆನ್ನಾಗಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಸ್ಥಳೀಯ ಆಡಳಿತದ ಕಾನೂನು ಬಂದಾಗ ಒಂದೊಂದು ಚರ್ಚಿನ ವ್ಯಾಪ್ತಿ ಒಂದೊಂದು ಮುನಿಸಿಪಾಲಿಟಿಯಾಯಿತಂತೆ. ಓಲಾವ್ ಅವರ ಊರಿನ ನಡುವೆ ಬೆಟ್ಟಗಳ ಸಂದಿಯಲ್ಲಿ ಒಳನುಗ್ಗಿದ ಕಡಲು. ಆಚೆ ದಡದವರು ಎಲ್ಲವನ್ನೂ ತಾವೇ ತಿನ್ನುತ್ತಾರೆಂದು ಈಚೆ ದಡದವರು ಜಗಳವಾಡಿ ಬೇರೆಯಾದರು. ಶಾಲೆ, ರಸ್ತೆ, ಬಡವರ ಪಾಲನೆ, ಸೂಲಗಿತ್ತಿ ಎಲ್ಲವನ್ನೂ ಸ್ವತಃ ನೋಡಿಕೊಂಡರು. ಅರವತ್ತರ ದಶಕದಲ್ಲಿ ಸರಕಾರಕ್ಕೆ ಜ್ಞಾನೋದಯವಾಯಿತು. ಚಿಕ್ಕವನ್ನೆಲ್ಲ ಸೇರಿಸಿ ದೊಡ್ಡದು ಮಾಡಿ ಎಂದಿತು. ಜಗಳವಾಡಿ ಬೇರೆಯಾದವರನ್ನೇ ಮತ್ತೆ ಒಂದು ಚಾಪೆಯಲ್ಲಿ ಕೂರಿಸಿತು. ಉಳಿದ ಮುನಿಸಿಪಾಲಿಟಿಗಳನ್ನು ಈಗ ಇನ್ನೊಮ್ಮೆ ಸೇರಿಸಲು ಹೊರಟಿದೆಯಂತೆ. ಸರಕಾರಗಳಿಗೂ ಹೊತ್ತು ಹೋಗಬೇಕಲ್ಲ?

ನನಗೇಕೆ ನಾರ್ವೆಯ ಉಸಾಬರಿ? ಕಾರಣವಿದೆ. ದುಬೈಯಲ್ಲಿ ನಮ್ಮ ಊರು ಪಡುಬೈಲಿಗೆ ಒಂದು ಸಂಘ. ಹೊಳೆಯಾಚೆಯ ಮೂಡುಬೈಲಿಗೆ ಇನ್ನೊಂದು. ಎರಡನ್ನೂ ಸೇರಿಸುವ ಪ್ರಸ್ತಾಪ ಬಂದಿತ್ತು. ಪಡುಬೈಲು ಸಂಘಕ್ಕೆ ನಾನು ಹುಟ್ಟಿನಿಂದ ಕಾರ್ಯದರ್ಶಿ. ಹೆಸರು ಅಳಿಯುವುದು ನನಗೆ ಇಷ್ಟವಿರಲಿಲ್ಲ. ನಮ್ಮ ಸಭೆಯಲ್ಲಿ ಓಲಾವ್ ನಾಲ್ಕು ಕಣ್ಣೀರಿನ ಮಾತಾಡಲಿ ಎಂದೇ ಆ ದೋಸೆ ಕೊಡಿಸಿದ್ದು.

ಸೇರುವ ಮಾತು ಎದ್ದದ್ದು ನಮ್ಮ ಸಂಘದ ಲಿಲ್ಲಿಬಾಯಿಯಿಂದ. ಆಕೆ ಆಸ್ಪತ್ರೆಯಲ್ಲಿ ನರ್ಸ್. ಶುಕ್ರವಾರ ಬೆಳಿಗ್ಗೆ ಕರಾಮದ ತನ್ನ ಫ್ಲ್ಯಾಟಿನಲ್ಲಿ ಹದಿನಾಲ್ಕು ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಕಾರಿಡಾರಿನಲ್ಲಿ ಹದಿನಾಲ್ಕು ಜೊತೆ ಚಪ್ಪಲಿ ನೋಡಿ ವಾಚ್‌ಮನ್ ದೂರು ಕೊಟ್ಟ. ತಿಂಗಳ ಕೊನೆಯೊಳಗೆ ಕ್ಲಾಸ್ ನಿಲ್ಲಿಸಿ ಎಂದು ನೋಟಿಸ್ ಬಂತು. ಮೂಡುಬೈಲಿನವರಿಗೆ ಪಕ್ಕದ ಸತ್ವಾ ಬಡಾವಣೆಯ ಒಂದು ವಿಲ್ಲಾದಲ್ಲಿ ಕೋಣೆಯಿದೆ. ಶುಕ್ರವಾರ ಅದರಲ್ಲಿ ಜಿರಳೆ ಬಿಟ್ಟರೆ ಬೇರಾರೂ ಇಲ್ಲ. ಆದರೆ ಬೇರೆ ಸಂಘದ ಕ್ಲಾಸಿಗೆ ಕೊಡುವುದು ಹೇಗೆ? ಸಂಘ ಒಂದಾದರೆ ಕೊಡುತ್ತಾರಂತೆ.

"ಅಂಕಲ್, ಅಲ್ಲಿ ರೂಮ್ ಎಂಪ್ಟಿ ಅಲ್ವಾ? ದೆನ್ ವೈ ಮೀಟಿಂಗ್?" ಎಂದು ಕ್ಲಾಸಿನ ಎಂಟು ವರ್ಷದ ಹುಡುಗಿ ಕೇಳಿದಳು. ದೊಡ್ಡವಳಾದ ಮೇಲೆ ಗೊತ್ತಾಗುತ್ತದೆ ಎಂದೆ. ನನಗೂ ಇನ್ನೂ ಗೊತ್ತಾಗಿಲ್ಲ.

ಈಗ ಆ ಮಿನಿಟ್ಸಿಗೆ ಬರೋಣ. ಮೊದಲನೇ ವಿಷಯ: ಶಾಲೆಯ ಒಲೆ ಹೊಗೆ ಕಾರುತ್ತಿದೆ, ರಿಪೇರಿಗೆ ಒಪ್ಪಿಗೆ. ಎರಡನೇದು: ಚಳಿಗಾಲದಲ್ಲಿ ಮಕ್ಕಳು ಬೆಳಕಿರುವಾಗಲೇ ಮನೆ ಮುಟ್ಟುವಂತೆ ಫೆರಿಯ ಸಮಯ ಬದಲು. ಮೂರನೇದು: ಸೂಲಗಿತ್ತಿಯ ದೋಣಿಗೆ ಹೊಸ ಹಲಗೆ. ಎಲ್ಲ ಮುಗಿದು ಕಟ್ಟಕಡೆಗೆ: ಹೊಸ ವರ್ಷದಿಂದ ಈ ಮುನಿಸಿಪಾಲಿಟಿ ಇರುವುದಿಲ್ಲ. ಸಭೆ ಮುಗಿಯಿತು.

"ವಂದನಾರ್ಪಣೆ?" ಎಂದೆ.

"ಹಾಗೆಂದರೇನು?" ಎಂದರು ಓಲಾವ್.

ಪಾಪ, ಹಿಂದುಳಿದ ದೇಶ.

ಶುಕ್ರವಾರ ನಾಲ್ಕಕ್ಕೆ, ಒಂದು ದಿನಕ್ಕೆ ಬಾಡಿಗೆ ಹಿಡಿದ ಹಾಲಿನಲ್ಲಿ, ಜಂಟಿ ಸಭೆ. ಈ ಅಂಕಣ ಓದುವವರಿಗೆ ಗೊತ್ತು, ನೌಕಾದಳದಲ್ಲಿ ಪಳಗಿದ ನನಗೆ ನಾಲ್ಕೆಂದರೆ ನಾಲ್ಕು. ಉಳಿದವರಿಗೆ ನಾಲ್ಕೆಂದರೆ ಐದಕ್ಕೆ ಹತ್ತಿರ. ವೇದಿಕೆಯ ಮೇಲೆ ಹತ್ತೊಂಬತ್ತು ಕುರ್ಚಿ, ಕೆಳಗೆ ಹನ್ನೊಂದು ಜನ. ಓಲಾವ್‌ಗೆ ಶಾಲು ಹೊದೆಸಿ ನಡುವೆ ಕೂರಿಸಿದೆವು. "ಇವರೆಲ್ಲ ಸದಸ್ಯರೇ?" ಎಂದು ನನ್ನ ಕಿವಿಯಲ್ಲಿ ಕೇಳಿದರು. "ಅಲ್ಲ, ಪದಾಧಿಕಾರಿಗಳು. ಸದಸ್ಯರು ಕೆಳಗಿದ್ದಾರೆ" ಎಂದೆ.

ಕ್ಲಾಸಿನ ಕೋಣೆ ಕಾರ್ಯಸೂಚಿಯಲ್ಲಿ ಒಂಬತ್ತನೇ ವಿಷಯ. ಪದಾಧಿಕಾರಿಗಳಲ್ಲದವರ ಮನವಿಗಳನ್ನು 'ಇತರ ವಿಷಯ'ಗಳಡಿ ಕೊನೆಗೆ ಹಾಕುವುದು ನಮ್ಮ ಪದ್ಧತಿ. ಪದ್ಧತಿ ಮಾಡಿದವನು ನಾನೇ. ಲಿಲ್ಲಿಬಾಯಿ ಯೂನಿಫಾರ್ಮಿನ ಚೀಲ ಮಡಿಲಲ್ಲಿಟ್ಟುಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು.

"ಶೆಟ್ರೇ, ನಂಗೆ ಏಳಕ್ಕೆ ಡ್ಯೂಟಿ. ಒಂಬತ್ತು ಯಾವಾಗ ಬರ್ತದೆ?"

"ಎಂಟು ಮುಗಿದ ಮೇಲೆ, ಬಾಯಿ."

ಹೊಸ ಸಂಘದಲ್ಲಿ ಯಾವ ಊರಿನ ಹೆಸರು ಮೊದಲು ಎಂಬುದಕ್ಕೆ ಮುಕ್ಕಾಲು ಗಂಟೆ ಹೋಯಿತು.

"ಪಡುಬೈಲು ಮೊದ್ಲು ಬರ್ಬೇಕು. ಇಲ್ಲದಿದ್ರೆ ಊರಲ್ಲಿ ಎಂತ ಮುಖ ತೋರಿಸೂದು ಮಾರಾಯ್ರೆ?" ಎಂದರು ನಮ್ಮ ಅಧ್ಯಕ್ಷರಾದ ಹಮೀದ್ ಹಾಜಿ.

"ಸೂರ್ಯ ಹುಟ್ಟೂದು ಮೂಡಲ್ಲಿ ಅಲ್ವಾ ಹಾಜ್ಯಾರೆ?" ಎಂದರು ಮೂಡುಬೈಲಿನ ಕಾರ್ಯದರ್ಶಿ ಸದಾನಂದ.

"ಪಡುವಲ್ಲಿ ಮುಳುಗದೆ ಹುಟ್ಟೂದು ಹೇಗೆ?"

ಚಪ್ಪಾಳೆ. ಇಂಥ ಚರ್ಚೆ ನಾರ್ವೆಯಲ್ಲಿ ಸಿಗುತ್ತದೆಯೇ?

ಓಲಾವ್‌ರನ್ನು ಮಾತಿಗೆ ಕರೆದೆ. ಕಣ್ಣೀರಿಗೆ ಸಿದ್ಧನಾದೆ. ಅವರು ಹೇಳಿದ್ದು ಇಷ್ಟೇ: "ಅಜ್ಜ ವಿಲೀನಕ್ಕೆ ವಿರುದ್ಧ ಕೈ ಎತ್ತಿದರು. ಸೋತರು. ಮರುದಿನ ಕಡತಗಳನ್ನು ದೋಣಿಯಲ್ಲಿ ಹಾಕಿ ಆಚೆ ದಡಕ್ಕೆ ತಾವೇ ಮುಟ್ಟಿಸಿದರು. ಆದರೆ ಒಲೆಯ ವಿಷಯ ಮೊದಲು ಮುಗಿಸಿದ್ದರು. ಚಳಿ ಶುರುವಾಗಿತ್ತು." ಕೂತುಬಿಟ್ಟರು.

"ಈ ಜನ ವಿಲೀನದ ಪರವಾ, ವಿರೋಧವಾ?" ಎಂದು ಹಾಜಿಯವರು ಪಿಸುಗುಟ್ಟಿದರು.

"ಒಲೆಯ ಪರ" ಎಂದೆ.

ಮೊದಲ ಸಾಲಿನಲ್ಲಿ ಲಿಲ್ಲಿಬಾಯಿ ಗಡಿಯಾರ ನೋಡುತ್ತಿದ್ದರು. ನನಗೆ ಕೂರಲಾಗಲಿಲ್ಲ. ಎದ್ದು ನಿಂತು, ಒಂಬತ್ತನೇ ವಿಷಯವನ್ನು ಈಗಲೇ ತೆಗೆದುಕೊಳ್ಳೋಣ ಎಂದೆ.

"ಅಜೆಂಡಾ ನಡುವಲ್ಲಿ ಬದಲಿಸ್ಲಿಕ್ಕೆ ಇಲ್ಲ ಅಂತ ಹೇಳಿಕೊಟ್ಟದ್ದು ನೀವೇ ಅಲ್ವಾ ಶೆಟ್ರೇ?" ಎಂದರು ಹಾಜಿಯವರು.

ನಾನೇ. ನಿಯಮಾವಳಿಯಲ್ಲಿದೆ, ನನ್ನದೇ ಕೈಬರಹದಲ್ಲಿ. ಕೂತೆ.

ಆರೂಕಾಲಿಗೆ ಲಿಲ್ಲಿಬಾಯಿ ಎದ್ದು ಹೊರಟರು. ಆಸ್ಪತ್ರೆಯ ಕಡೆಗೇ ಹೋಗುವವನೆಂದು ಸದಾನಂದ ಆಕೆಯನ್ನು ಕಾರಿನಲ್ಲಿ ಕರೆದೊಯ್ದರು. ಆಮೇಲೆ ವಿಲೀನ ಸರ್ವಾನುಮತದಿಂದ ಪಾಸಾಯಿತು. ಯಾರೂ ಕುರ್ಚಿ ಬಿಡಬೇಕಾಗಿಲ್ಲ ಎಂದು ತೀರ್ಮಾನವಾದ ಮೇಲೆ ವಿರೋಧಿಸುವವರು ಯಾರು? ಈಗ ನಮಗೆ ಇಬ್ಬರು ಅಧ್ಯಕ್ಷರು, ಇಬ್ಬರು ಕಾರ್ಯದರ್ಶಿಗಳು, ಉಪಾಧ್ಯಕ್ಷರು ವೇದಿಕೆ ತುಂಬ. ಹೆಸರು ವರ್ಷಕ್ಕೊಮ್ಮೆ ಅದಲು ಬದಲು. ಒಂಬತ್ತನೇ ವಿಷಯದೆದುರು 'ಸಂಬಂಧಪಟ್ಟವರ ಗೈರುಹಾಜರಿಯಿಂದ ಮುಂದೂಡಲಾಗಿದೆ' ಎಂದು ದುಂಡಗೆ ಬರೆದವನೂ ನಾನೇ.

ಮರುದಿನ ಬೆಳಿಗ್ಗೆ ಲಿಲ್ಲಿಬಾಯಿಯ ಫೋನ್. "ಶೆಟ್ರೇ, ಸತ್ವಾದ ರೂಮಿನ ಕೀ ಸಿಕ್ಕಿತು. ಬರುವ ಶುಕ್ರವಾರದಿಂದ ಕ್ಲಾಸ್ ಅಲ್ಲಿಯೇ."

"ಯಾವ ನಿರ್ಣಯದ ಪ್ರಕಾರ?"

"ನಿರ್ಣಯ ಎಂತದ್ದೂ ಇಲ್ಲ. ಸಿಗ್ನಲಲ್ಲಿ ಕಾರು ನಿಂತಾಗ ಸದಾನಂದಣ್ಣ ಕಿಸೆಯಿಂದ ತೆಗ್ದು ಕೊಟ್ರು. ಹಸಿರು ಬೀಳುವ ಮೊದ್ಲೇ ಖಲಾಸ್."

ಸುದ್ದಿ ಹಬ್ಬಿತು. ನಿರ್ಣಯವಿಲ್ಲದೆ ಕೋಣೆ ಕೊಟ್ಟದ್ದು ಹೇಗೆ ಎಂದು ಇಬ್ಬರು ಅಧ್ಯಕ್ಷರೂ ಕೆರಳಿದರು. ಹೊಸ ಸಂಘದ ಮೊತ್ತಮೊದಲ ಕೆಲಸವಾಗಿ ಮೂವರ ವಿಚಾರಣಾ ಸಮಿತಿ ನೇಮಕವಾಗಿದೆ. ಸಂಚಾಲಕ ನಾನು. ವಿಚಾರಣೆ ಬರುವ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ, ಸಂಘದ ಏಕೈಕ ಕೋಣೆಯಲ್ಲಿ. ಆದರೆ ಆ ಹೊತ್ತಿಗೆ ಅಲ್ಲಿ ಹದಿನಾಲ್ಕು ಮಕ್ಕಳು ಕಾಗುಣಿತ ಬರೆಯುತ್ತಿರುತ್ತಾರೆ.

ಆ ಕೋಣೆಯನ್ನು ಯಾರು ಬಳಸಬಹುದು ಎಂದು ತೀರ್ಮಾನಿಸಲು ನಮಗೊಂದು ಕೋಣೆ ಬೇಕಾಗಿದೆ. ನಿಮ್ಮಲ್ಲಿ ಯಾರ ಬಳಿಯಾದರೂ ಖಾಲಿ ಇದೆಯೇ?