ಬಣ್ಣ ಬಳಿಯದೆ ಬಿಟ್ಟ ಜಾಗ

ನನ್ನ ಜೀಪಿನ ಬಾನೆಟ್ ಎತ್ತಿ ನೋಡಿದರೆ, ಎಂಜಿನ್ನಿನ ಎಡಮಗ್ಗುಲಿಗೆ, ಚಾಸಿಯ ಮೇಲೆ ಬಿಸ್ಕತ್ತಿನಷ್ಟು ಅಗಲದ ಒಂದು ಬೋಳು ಜಾಗ ಕಾಣುತ್ತದೆ. ಮಿಕ್ಕ ಕಬ್ಬಿಣವೆಲ್ಲ ಮುಖ ನೋಡಿಕೊಳ್ಳುವಷ್ಟು ಕಪ್ಪಾಗಿ ಮಿರುಗುತ್ತಿರುವಾಗ ಅದೊಂದು ತುಣುಕು ಮಾತ್ರ ಕೆರೆದು ಬಿಟ್ಟಂತಿರುವುದನ್ನು ಕಂಡವರು, "ಏನ್ ಸಾ, ಬಣ್ಣ ಸಾಲ್ಲಿಲ್ವಾ?" ಎಂದು ಕೇಳದೆ ಬಿಡುವುದಿಲ್ಲ. ಬಣ್ಣ ಬೇಕಾದಷ್ಟಿತ್ತು, ಸಾಲದೆ ಹೋದದ್ದು ಬುದ್ಧಿ. ಆ ವೃತ್ತಾಂತವನ್ನು ನಿಮಗಾದರೂ ಹೇಳಿಬಿಡುತ್ತೇನೆ, ನಗುವುದಿದ್ದರೆ ಸ್ವಲ್ಪ ಮೆಲ್ಲಗೆ ನಗಿ.

ಕೊಳ್ಳೇಗಾಲದಲ್ಲಿ ಮೂರು ದಶಕ ಹಳಗನ್ನಡ ಪಾಠ ಹೇಳಿ ನಿವೃತ್ತನಾದ ನಾನು ಹಳೆಯ ಜೀಪೊಂದನ್ನು ಕೊಂಡಾಗ, ಛಂದಸ್ಸಿನ ಮೇಷ್ಟ್ರಿಗೆ ಕಾಡುದಾರಿಯ ಹುಚ್ಚು ಹತ್ತಿತೆಂದು ಶಿಷ್ಯರೆಲ್ಲ ಆಡಿಕೊಂಡರು. ಹುಚ್ಚು ಹತ್ತಿದ್ದು ನಿಜ. ಯಳಂದೂರಿನ ಗ್ಯಾರೇಜಿನಲ್ಲಿ ಅಗಲದ ಟೈರು ಹಾಕಿಸಿದೆ, ಮುಂದೆ ಕೆಸರಿನಿಂದ ಬಂಡಿ ಎಳೆಯುವ ವಿಂಚು ಕೂರಿಸಿದೆ, ನೆತ್ತಿಯ ಮೇಲೆ ಆರು ದೀಪ, ಊರಿಗೇ ಕೇಳುವಂಥ ಜೋಡಿ ಹಾರನ್ನು ಏರಿಸಿದೆ. ಇವಕ್ಕೆಲ್ಲ ಬ್ಯಾಟರಿಯಿಂದಲೇ ನೇರವಾಗಿ ಎರಡೆರಡು ತಂತಿ ಎಳೆದ ಮಹಾಶಿಲ್ಪಿ ಮಾತ್ರ ನಾನೇ. ಆಯುಧಪೂಜೆ ಬಂತು. ನಮ್ಮ ಕಡೆ ಆ ದಿನ ಕುಡುಗೋಲಿನಿಂದ ಹಿಡಿದು ಹೊಲಿಗೆ ಮಿಷನ್ನಿನವರೆಗೆ ಸಕಲ ಲೋಹಕ್ಕೂ ಅಭ್ಯಂಜನ, ಅಲಂಕಾರ, ವಿಭೂತಿ. ನಾನು ಹೊರಗಿನ ಚಂದಕ್ಕೆ ತೃಪ್ತನಾಗದೆ, ಒಂದೊಂದೇ ಬೋಲ್ಟು ಬಿಚ್ಚಿ, ಅದರ ಅಡಿಗೂ ಎರಡೆರಡು ಕೋಟು ಕಪ್ಪು ಬಳಿದು, ಮತ್ತೆ ಬಿಗಿದು, ಇಂಥ ಶ್ರದ್ಧೆ ಯಾರಿಗುಂಟು ಎಂದು ಬೀಗಿದೆ.

ಇನ್ನು ನಮ್ಮಕ್ಕ ಶಿವಮಲ್ಲಮ್ಮನ ವಿಷಯ. ಬಂಡಳ್ಳಿಯಲ್ಲಿ ಹಿಪ್ಪುನೇರಳೆ ಬೆಳೆದು, ರೇಷ್ಮೆಹುಳು ಸಾಕುತ್ತಾಳೆ. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು, ನನಗೆ ಕೆಲಸ ಸಿಕ್ಕಿದ ದಿನದಿಂದ "ಬನ್ನಿ ಮೇಷ್ಟ್ರೇ, ಕೂತ್ಕಳಿ" ಎನ್ನತೊಡಗಿದಳು. ನಾನೂ ಅವಳೊಡನೆ ಪುಸ್ತಕದ ಕನ್ನಡವನ್ನೇ ಆಡುತ್ತ, ಕ್ಷೇಮಸಮಾಚಾರ ಕೇಳಿ, ಕಾಫಿ ಕುಡಿದು ಎದ್ದುಬರುತ್ತಿದ್ದೆ. ಜಗಳವಿಲ್ಲ, ಮನಸ್ತಾಪವಿಲ್ಲ, ಬರೀ ಮರ್ಯಾದೆ.

ಪೂಜೆಯಾಗಿ ತಿಂಗಳೊಪ್ಪತ್ತಿಗೆ ಅವಳ ರೇಷ್ಮೆಗೂಡು ಕಟಾವಿಗೆ ಬಂತು. ಆ ಸಲದ ಬೆಳೆ ಅವಳೇ ಬೆರಗಾಗುವಂತಿತ್ತು: ಬೆಳ್ಳಗೆ, ಗಟ್ಟಿಗೆ, ಒಂದೇ ಅಳತೆಗೆ. ಅದನ್ನು ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಗೆ ನನ್ನ ಜೀಪಿನಲ್ಲೇ ಮೆರವಣಿಗೆ ಮಾಡಿಸುವೆನೆಂದು ಹಟ ಹಿಡಿದು, ಪ್ರತಿಸಲ ಬರುತ್ತಿದ್ದ ಗೂಡ್ಸ್ ಆಟೋದವನನ್ನು ನಾನೇ ವಾಪಸು ಕಳಿಸಿದೆ. ಬೆಳಿಗ್ಗೆ ಚೀಲಗಳೆಲ್ಲ ಏರಿದವು. ಅಕ್ಕ ಜರಿ ಅಂಚಿನ ಸೀರೆಯುಟ್ಟು ಮುಂದೆ ಕೂತಳು. ನಾನು ಕೀಲಿ ತಿರುಗಿಸಿದೆ.

ಟಕ್.

ಅಷ್ಟೇ. ಇನ್ನೊಮ್ಮೆ ತಿರುಗಿಸಿದರೆ ಇನ್ನೊಂದು ಟಕ್. ದೀಪ ಹಾಕಿದೆ, ಆರೂ ಝಗಮಗ. ಹಾರನ್ ಒತ್ತಿದೆ, ಬೀದಿಯ ಕೋಳಿಗಳೆಲ್ಲ ಚೆಲ್ಲಾಪಿಲ್ಲಿ. ಮೀಟರು ಹಿಡಿದರೆ ಬ್ಯಾಟರಿ ಗುಂಡುಕಲ್ಲು. ಕೀಲಿಯ ಸ್ವಿಚ್ಚನ್ನು ಶಂಕಿಸಿದೆ, ಫ್ಯೂಸುಗಳನ್ನು ಕಿತ್ತು ನೋಡಿದೆ, ರಿಲೇ ಬದಲಿಸಿದೆ, ಸ್ಟಾರ್ಟರ್ ಮೋಟರಿನ ತಲೆಗೆ ಸ್ಪ್ಯಾನರಿನಿಂದ ಮೊಟಕಿದೆ. ನಾನೇ ಎಳೆದ ತಂತಿಗಳ ಕಾಡಿನೊಳಗೆ ನಾನೇ ದಾರಿ ತಪ್ಪಿದೆ. ಪ್ರತಿ ಪ್ರಯತ್ನಕ್ಕೂ ಅದೇ ಟಕ್! ತಳ್ಳಿ ಹೊರಡಿಸೋಣವೆಂದರೆ ಜೀಪು ಹುಳುವಿನ ಮನೆಯ ಮುಂದಿನ ತಗ್ಗಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು, ಊರಿನ ಆಟೋಗಳೆಲ್ಲ ಆಗಲೇ ಗೂಡು ಹೊತ್ತು ಹೋಗಿದ್ದವು. ಮಾರುಕಟ್ಟೆಯ ಆ ದಿನದ ಹರಾಜು ತಪ್ಪಿದರೆ ಗೂಡು ನಾಳೆಯವರೆಗೆ ಚೀಲದಲ್ಲೇ ಬೆವೆತು, ನೂಲು ಬಿಚ್ಚದಂತಾಗಿ, ಇಪ್ಪತ್ತೈದು ದಿನ ಹಗಲೂ ರಾತ್ರಿ ಸೊಪ್ಪು ಹಾಕಿದ ಅವಳ ಕೈಕೆಲಸವೆಲ್ಲ ಹಾಳು. ಅದು ನನ್ನ ಶೋಕಿಯಿಂದ! ನನಗೆ ಅಳು ಬರುವುದೊಂದು ಬಾಕಿ.

ಆದರೂ ನಾಲಿಗೆ ಸುಮ್ಮನಿರಬೇಕಲ್ಲ, "ಅಕ್ಕಾ, ವಿದ್ಯುತ್ಪ್ರವಾಹದಲ್ಲಿ ಏನೋ ವ್ಯತ್ಯಯ ಸಂಭವಿಸಿರಬಹುದು" ಎಂದೆ. ಅವಳು ಇಳಿದು ಬಂದು, ಸೆರಗು ಸಿಕ್ಕಿಸಿ, ಬಾನೆಟ್ಟಿನೊಳಗೆ ಬಗ್ಗಿದಳು. ಹುಳುವಿನ ಮನೆಯಲ್ಲಿ ಕಾವು ಏರಿತೋ ಇಳಿಯಿತೋ ಎಂದು ತಿಳಿಯಲು ತಟ್ಟೆಗಳ ಮೇಲೆ ಅಂಗೈ ಮಗುಚಿ ಆಡಿಸುವ ರೂಢಿ ಅವಳದು. ಗೋಡೆಗೆ ನೇತುಹಾಕಿದ ಉಷ್ಣಮಾಪಕ ಆಮೇಲೆ ಅವಳಿಗೆ ಹೂಂಗುಟ್ಟುತ್ತದೆ. ಹಾಗೆಯೇ ಕೈ ಮಗುಚಿ ಒಂದೊಂದೇ ತಂತಿ, ಒಂದೊಂದೇ ಬೋಲ್ಟು ಮುಟ್ಟುತ್ತ ಹೋದವಳು, ಎಂಜಿನ್ನಿನಿಂದ ಚಾಸಿಗೆ ಬಿಗಿದ ಅಗಲ ಪಟ್ಟಿಯ ಹತ್ತಿರ ಬಂದಾಗ ಸರಕ್ಕನೆ ಕೈ ಎಳೆದುಕೊಂಡಳು.

"ಲೇ! ಇದೊಂದ್ ಕಡೆ ಸುಡ್ತಾ ಐತೆ ನೋಡ್ಲಾ!"

ನೋಡಿದೆ. ಎಂಜಿನ್ನಿಗೆ ಬಂದ ಕರೆಂಟು ಬ್ಯಾಟರಿಗೆ ಮರಳಿ ಹೋಗುವ ದಾರಿ ಅದು. ಅದರ ಅಡಿಗೇ ನಾನು ಭಕ್ತಿಯಿಂದ ಎರಡು ಕೋಟು ಬಣ್ಣ ಬಳಿದಿದ್ದೆ. ಬೋಲ್ಟಿನ ಹಲ್ಲಿನಲ್ಲಿ ಉಳಿದ ಚೂರು ಸಂಪರ್ಕದಿಂದ ಇಷ್ಟು ದಿನ ಬಂಡಿ ಹೇಗೋ ಸಾಗಿತ್ತು, ಈಗ ಅದೂ ಸುಸ್ತಾಗಿತ್ತು. ದೀಪ, ಹಾರನ್ನುಗಳಿಗೆ ಬೇರೆ ತಂತಿಯಿದ್ದುದರಿಂದ ಅವು ಎಲ್ಲ ಸರಿಯಿದೆಯೆಂದು ನನ್ನನ್ನು ನಂಬಿಸಿದ್ದವು. ನಾನು ಇದನ್ನೆಲ್ಲ ಸವಿಸ್ತಾರವಾಗಿ ನಿರೂಪಿಸಲು ಬಾಯಿ ತೆರೆದೆ.

"ನಿನ್ನ ಪಾಠ ಆಮ್ಯಾಕೆ ಮಡಿಕಳ್ಲಾ, ಮೊದ್ಲು ಬಣ್ಣ ಕೆರಿ! ಒತ್ತಾಯ್ತದೆ!"

ಮೂವತ್ತು ವರ್ಷದ ಮೇಲೆ ಅಕ್ಕನ ಬಾಯಲ್ಲಿ 'ಲಾ' ಕೇಳಿದ್ದೆ! ಪಾಠವನ್ನು ಅಲ್ಲೇ ಬಿಟ್ಟು ಬೋಲ್ಟು ಬಿಚ್ಚಿದೆ. ಅವಳು ಸೊಪ್ಪು ಕತ್ತರಿಸುವ ಕುಡುಗೋಲು ಕೊಟ್ಟಳು, ಅದರ ತುದಿಯಿಂದ ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಕೆರೆದೆ, ಬಿಗಿದೆ, ಕೀಲಿ ತಿರುಗಿಸಿದೆ. ಒಂದೇ ಏಟಿಗೆ ಎಂಜಿನ್ನು ಗುಡುಗಿತು! "ಬಂತು ಕಣಕ್ಕೋ!" ಎಂದು ಕಿರುಚಿದವನು ನಾನೇ, ಹಳಗನ್ನಡದ ಮೇಷ್ಟ್ರು. ಹನೂರು ದಾಟಿ, ಮಧುವನಹಳ್ಳಿ ದಾಟಿ ಹಾರನ್ನು ಹೊಡೆಯುತ್ತಲೇ ಓಡಿದೆವು. ದಾರಿಯುದ್ದಕ್ಕೂ ಅವಳು ಬೈಯುತ್ತಿದ್ದಳು, ನಾನು ನಗುತ್ತಿದ್ದೆ. ಹರಾಜು ಶುರುವಾಗುವ ಹೊತ್ತಿಗೆ ಗೂಡು ಸುರಿದಾಗಿತ್ತು, ಹಿಡಿಯಲ್ಲಿ ಎತ್ತಿ ನೋಡಿದವರೆಲ್ಲ ಯಾರ ಮನೆಯದೆಂದು ಕೇಳುತ್ತಿದ್ದರು.

ಮುಟ್ಟಬೇಕಾದ ಕಡೆ ಬಣ್ಣ ಇರಬಾರದೆಂಬುದು ಯಾವ ಮೆಕ್ಯಾನಿಕ್ಕಿಗಾದರೂ ಗೊತ್ತು. ನನಗೆ ಗೊತ್ತಾಗಲು ಇಷ್ಟು ವಯಸ್ಸಾಗಬೇಕಾಯಿತು. ಈ ಸಲದ ಆಯುಧಪೂಜೆಗೆ ಅಕ್ಕ ಹಿಂದಿನ ದಿನವೇ ಬಂದಿದ್ದಳು. ನಾನು ಬಣ್ಣದ ಡಬ್ಬ ಹಿಡಿದು ಬಾನೆಟ್ ಎತ್ತಿದೆ. ಅವಳು ಕೂತಲ್ಲಿಂದ ಎದ್ದು ಬಂದು, ಆ ಬೋಳು ಜಾಗದ ಮೇಲೆ ಅಂಗೈ ಇಟ್ಟು, ನಾನು ಸುತ್ತಲೂ ಬಳಿದು ಮುಗಿಸುವವರೆಗೆ ತೆಗೆಯಲೇ ಇಲ್ಲ. ಅವಳ ಬೆರಳಂಚಿಗೆಲ್ಲ ಕಪ್ಪು ಮೆತ್ತಿಕೊಂಡಿತು. "ಕೈಗೂ ಬಳ್ದ್‌ಬುಟ್ಟೆಯಲ್ಲೋ ಮುಂಡೇದೆ" ಎಂದಳು.