ಜರ್ಮನ್ ಕಲಿಸಿದ ಕುರಿಗಳು

ಹೋದ ವರ್ಷ ಜೋಳದ ಸುಗ್ಗಿ ಮುಗಿದ ಸಮಯ. ನನ್ನ ಹೆಂಡತಿ ಕಸ್ತೂರಿ ಗೋಕಾಕದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು, ಅದೇ ಕೆಲಸಕ್ಕೆ ಜರ್ಮನಿಗೆ ಹೋಗಿ ಕೆಲವು ತಿಂಗಳಾಗಿತ್ತು. ನಾನೂ ಅವಳ ಬಳಿ ಹೋಗಬೇಕೆಂದರೆ ಜರ್ಮನ್ ಭಾಷೆಯ ಮೊದಲ ಹಂತದ ಪರೀಕ್ಷೆ ಪಾಸಾಗಬೇಕಿತ್ತು. ನಾನೋ ಹಿಡಕಲ್ ಹತ್ತಿರ ಅಣ್ಣನ ಜೊತೆ ಕುರಿ ಕಾಯುವವನು. ಶಾಲೆಗೆ ಸೇರಿದ್ದೇ ತಡವಾಗಿ. ಹತ್ತನೆಯ ತರಗತಿ ಪಾಸಾಗುವಾಗ ಮುಖದ ಮೇಲೆ ಗಡ್ಡ ಬಂದಿತ್ತು.

ಆ ಭಾಷೆಯಲ್ಲಿ ಪ್ರತಿ ವಸ್ತುವಿನ ಹೆಸರಿನ ಮುಂದೆ ಡೆರ್, ಡೀ, ದಾಸ್ ಎಂಬ ಮೂರರಲ್ಲಿ ಒಂದು ಬರಲೇಬೇಕು. ಗಂಡು, ಹೆಣ್ಣು, ಎರಡೂ ಅಲ್ಲದ್ದು.

"ಚಮಚ ಗಂಡು, ಮುಳ್ಳಿನ ಚಮಚ ಹೆಣ್ಣು, ಚಾಕು ಎರಡೂ ಅಲ್ಲ. ಯಾಕಂತ ಕೇಳಬ್ಯಾಡ್ರಿ, ಇಲ್ಲಿ ಹಂಗ ಐತಿ," ಎಂದು ಕಸ್ತೂರಿ ಫೋನಿನಲ್ಲಿ ಹೇಳುತ್ತಿದ್ದಳು.

ಪಕ್ಕದಲ್ಲಿದ್ದ ಅಣ್ಣ ನಗುತ್ತಿದ್ದ. "ಚಮಚಕ್ಕ ಮೀಸಿ ಬಂದಾವೇನಲೇ?"

ನನಗೆ ಒಂದೂ ನೆನಪಿರುತ್ತಿರಲಿಲ್ಲ. ಕೊನೆಗೆ ಅವಳೇ ಒಂದು ಉಪಾಯ ಹೇಳಿದಳು. "ಬಣ್ಣ ಹಚ್ಚಿ ಕಲೀರಿ. ಡೆರ್ ಅಂದ್ರ ನೀಲಿ, ಡೀ ಕೆಂಪು, ದಾಸ್ ಹಸಿರು. ಇಲ್ಲಿ ಎಲ್ಲಾರೂ ಹಂಗ ಕಲೀತಾರ."

ಸುಗ್ಗಿಯಾದ ಮೇಲೆ ನಾವು ಮೂಡಲಗಿ ಕಡೆ ಹೋಗುತ್ತೇವೆ. ಅಲ್ಲಿನ ರೈತರು ಗೊಬ್ಬರಕ್ಕಾಗಿ ತಮ್ಮ ಹೊಲದಲ್ಲಿ ರಾತ್ರಿಯಿಡೀ ಕುರಿ ತರುಬಿಸಿ ನಿಲ್ಲಿಸಿಕೊಂಡು, ನಮಗೆ ಜೋಳ ಕೊಡುತ್ತಾರೆ. ಹೊರಡುವ ಮುಂಚೆ ಉಣ್ಣೆ ಕತ್ತರಿಸಿ, ಕುರಿಗಳ ಬೆನ್ನಿಗೆ ನಮ್ಮ ಮನೆತನದ ಬಣ್ಣ ಹಚ್ಚುವುದು ರೂಢಿ. ನಮ್ಮದು ಕೆಂಪು. ಆ ವರ್ಷ ಅಣ್ಣ ಹೊಲ ಗೊತ್ತು ಮಾಡಲು ಮೊದಲೇ ಮೂಡಲಗಿಗೆ ಹೋದ. "ಬಣ್ಣ ಹಚ್ಚಿ ಹೊಡಕೊಂಡು ಬಾ," ಎಂದ.

ಡ್ಯಾಮಿನ ಹಿನ್ನೀರಿನ ದಂಡೆಯಲ್ಲಿ ಕೆಂಪು ಬಣ್ಣದ ಡಬ್ಬಿ ಹಿಡಿದು ಕುಳಿತೆ. ಪಾಠಕ್ಕೆಂದು ಕೊಂಡಿದ್ದ ನೀಲಿ, ಹಸಿರು ಡಬ್ಬಿಗಳೂ ಪಕ್ಕದಲ್ಲಿದ್ದವು. ನೀರಿನ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಉಣ್ಣೆ ಕತ್ತರಿಸಿದ ಕುರಿಗಳು ಮಂಜಿನೊಳಗಿಂದ ಒಂದೊಂದಾಗಿ ಬರುತ್ತಿದ್ದವು. ಹಣೆಯಲ್ಲಿ ಬಿಳಿ ಬೊಟ್ಟಿದ್ದ ಕರಿ ಕುರಿ ಹತ್ತಿರ ಬಂದು ನನ್ನನ್ನೇ ನೋಡಿತು. ಚಂದ್ರನ ಹಾಗೆ ಕಂಡಿತು. ಡೆರ್ ಮೋಂಟ್ ಎಂದೆ. ಮೋಂಟ್ ಅಂದರೆ ಚಂದ್ರ. ಕೈ ತಾನಾಗಿಯೇ ನೀಲಿ ಡಬ್ಬಿಗೆ ಹೋಯಿತು. ಕಾಲು ಸೊಟ್ಟಗಿದ್ದದ್ದು ಮೇಜು, ಡೆರ್ ಟಿಶ್, ಅದೂ ನೀಲಿ. ಹಳದಿ ಕಣ್ಣಿನದು ದೀಪ, ಡೀ ಲಾಂಪೆ, ಕೆಂಪು. ಪ್ರತಿ ಕುರಿಯ ಮುಖ ಹಿಡಿದು, ನೋಡಿ, ಹೆಸರಿಟ್ಟು ಬಿಟ್ಟೆ. ಹುಟ್ಟಿದಾಗಿನಿಂದ ಕುರಿಗಳ ಮಧ್ಯೆಯೇ ಇದ್ದರೂ ಅವುಗಳ ಮುಖ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಕಸ್ತೂರಿ ಪಕ್ಕದಲ್ಲಿ ಕುಳಿತು ಒಂದೊಂದೇ ಹೇಳಿಕೊಡುತ್ತಿದ್ದಾಳೆ ಅನ್ನಿಸುತ್ತಿತ್ತು. ದಾರಿಯಲ್ಲಿ ಬೇರೆ ಹಿಂಡು ಸಿಗಬಹುದು ಎಂಬುದು ತಲೆಗೇ ಬರಲಿಲ್ಲ.

ಮರುದಿನ ಮಧ್ಯಾಹ್ನ ಧುಪದಾಳದ ಒಡ್ಡಿನ ಹತ್ತಿರ ನೀರು ಕುಡಿಸಲು ನಿಲ್ಲಿಸಿದೆ. ಮರದ ನೆರಳು, ನೀರು ಬೀಳುವ ಸಪ್ಪಳ. ಕಣ್ಣು ಹತ್ತಿತು. ಎದ್ದು ನೋಡಿದರೆ ಇನ್ನೊಂದು ಹಿಂಡು ಬಂದು ನಮ್ಮದರಲ್ಲಿ ಬೆರೆತಿತ್ತು. ಅವೆಲ್ಲವುಗಳ ಬೆನ್ನೂ ನೀಲಿ.

ಆ ಹಿಂಡಿನವರು ಒಬ್ಬ ಮುದುಕ, ಅವನ ಮಗ. ಮಗ ಆಗಲೇ ಕೋಲು ಅಡ್ಡ ಹಿಡಿದು ನೀಲಿ ಕುರಿಗಳನ್ನೆಲ್ಲ ಒಂದು ಕಡೆ ಹೊಡೆಯುತ್ತಿದ್ದ. ನನ್ನ ಚಂದ್ರ, ಮೇಜು ಎಲ್ಲ ಅತ್ತ ಹೋದವು. ಅವುಗಳಲ್ಲಿ ಹೆಚ್ಚಿನವು ಗಬ್ಬದ ಕುರಿಗಳು. ಅಣ್ಣನ ಇಡೀ ವರ್ಷದ ಆಸರೆ.

"ಅವು ನಮ್ಮವು ಅದಾವ್ರಿ!" ಎಂದು ಓಡಿದೆ.

"ನೀಲಿ ಹಚ್ಚಿದ್ದೆಲ್ಲಾ ನಮ್ಮದು. ನಿಮ್ಮ ಬಣ್ಣ ಯಾವದು?" ಎಂದ ಮಗ.

"ಮೂರೂ."

"ಮೂರೂ? ಇದೇನು ಕುರಿ ಹಿಂಡೋ, ರಂಗಪಂಚಮಿಯೋ?"

ಎಲ್ಲ ಹೇಳಿದೆ. ಹೆಂಡತಿ, ಜರ್ಮನಿ, ಗಂಡು ಚಮಚ. ಹೇಳಿದಷ್ಟೂ ಸುಳ್ಳಿನ ಹಾಗೆ ಕೇಳುತ್ತಿತ್ತು. ಮಗ ಹೊಟ್ಟೆ ಹಿಡಿದು ನಕ್ಕ. "ನಡಿಯಪ್ಪಾ, ಇವಂಗ ಬಿಸಲ ಹತ್ತೈತಿ."

ಮುದುಕ ನಗಲಿಲ್ಲ. ಕಂಬಳಿ ಹಾಸಿ ಕುಳಿತ. "ತಡಿಯೋ. ಏ ತಮ್ಮಾ, ಆ ಬಿಳಿ ಬೊಟ್ಟಿಂದಕ್ಕ ಏನ್ ಹೆಸರ ಇಟ್ಟಿ?"

"ಡೆರ್ ಮೋಂಟ್."

"ಆ ಕುಂಟಿಗೆ?"

"ಡೆರ್ ಟಿಶ್."

ಹೀಗೆ ಕೇಳುತ್ತಾ ಹೋದ. ಆಮೇಲೆ ಮಗನಿಗೆ ಕುರಿಗಳನ್ನು ಬೆರೆಸಿ ತಿರುಗಿಸಲು ಹೇಳಿ, ಮತ್ತೆ ಮೊದಲಿನಿಂದ ಕೇಳಿದ. ಮಳೆ, ಮರ, ಕುರ್ಚಿ, ಚಮಚ. ಎಲ್ಲ ನೀಲಿ, ಎಲ್ಲಕ್ಕೂ ಡೆರ್; ಬೇರೇನೂ ಬಾಯಿಗೆ ಬರಲಿಲ್ಲ. ಮನೆಯಲ್ಲಿ ತಿಂಗಳುಗಟ್ಟಲೆ ತಪ್ಪುತ್ತಿದ್ದವನು ಅಲ್ಲಿ ಒಂದೂ ತಪ್ಪಲಿಲ್ಲ. ನಡುವೆ ಮುದುಕ ಒಂದು ದಪ್ಪ ಕುರಿಯತ್ತ ಬೆರಳು ಮಾಡಿದ.

"ಅದಕ್ಕ ನಾ ಹೆಸರ ಇಟ್ಟಿಲ್ರಿ. ಅದು ನಿಮ್ಮದು," ಎಂದೆ.

ಮುದುಕ ಮಗನ ಕಡೆ ತಿರುಗಿದ. "ಕೇಳಿದಿ? ಬಿಡು ಅವನ ಕುರಿ."

"ಬಣ್ಣ ನೀಲಿ ಐತೆಲ್ಲೋ ಅಪ್ಪಾ!"

"ನನ್ನ ಕುರಿ ಮುಖ ನನಗ ಗೊತ್ತಿಲ್ಲೇನೋ? ಇವಂಗ ತನ್ನವು ಗೊತ್ತ ಅದಾವೋ ಇಲ್ಲೋ ನೋಡಿದೆ." ಆಮೇಲೆ ನನ್ನ ಕಡೆ ನೋಡಿ, "ನಿನ್ನ ಹೆಂಡ್ತಿ ಊರಾಗ ಕುರಿ ಅದಾವೇನು?" ಎಂದ.

"ಅದಾವಂತ್ರಿ. ದಾಸ್ ಶಾಫ್ ಅಂತಾರ."

"ಶಾಫ್," ಎಂದು ಒಮ್ಮೆ ಬಾಯಲ್ಲಿ ಆಡಿಸಿ ನೋಡಿದ. "ಲಗೂನ ಹೋಗು ತಮ್ಮಾ. ಅಕಿ ಒಬ್ಬಾಕಿನ ಅದಾಳ." ಕಂಬಳಿ ಕೊಡವಿ ಎದ್ದು, ತನ್ನ ಹಿಂಡಿನ ಹಿಂದೆ ನಡೆದ.

ಮೂಡಲಗಿಯಲ್ಲಿ ಅಣ್ಣ ಕುರಿಗಳನ್ನು ನೋಡಿ ಬಹಳ ಹೊತ್ತು ಬೈದ. ಆಮೇಲೆ ಎಲ್ಲದಕ್ಕೂ ಕೆಂಪು ಹಚ್ಚಿದ.

ಪರೀಕ್ಷೆಯ ಕೋಣೆಯಲ್ಲಿ ಪ್ರತಿ ಪದದ ಜೊತೆ ಒಂದು ಕುರಿ ತಲೆ ಎತ್ತಿ ನೋಡಿತು. ಪಾಸಾದೆ. ಈಗ ವೀಸಾಕ್ಕೆ ಕಾಯುತ್ತಿದ್ದೇನೆ. ಆ ದಿನ ಗಾಬರಿಯಲ್ಲಿ ಮುದುಕನ ಹೆಸರು, ಊರು ಏನನ್ನೂ ಕೇಳಲಿಲ್ಲ. ಒಡ್ಡಿನ ದಾರಿಯಲ್ಲಿ ಹೋದಾಗಲೆಲ್ಲ ಬಸ್ಸಿನ ಕಿಟಕಿಯಿಂದ ನೀಲಿ ಬೆನ್ನಿನ ಕುರಿಗಳನ್ನು ಹುಡುಕುತ್ತೇನೆ. ಹೋಗುವ ಮುಂಚೆ ಒಮ್ಮೆ ಸಿಕ್ಕರೆ ಸಾಕು, ಮೊದಲು ಅವನ ಹೆಸರು ಕೇಳುತ್ತೇನೆ.