ಬಿನ್ ಮಹಮೂದಿನ ಹಿಮಾಲಯ
ಲಿಫ್ಟ್ ಕೆಟ್ಟರೆ ಆಫೀಸಿಗೇ ರಜೆ ಹಾಕುವ ಜಾಯಮಾನದ ವಿನಯ್, ಕೊಲ್ಲಿ ದೇಶದ ಬಿನ್ ಮಹಮೂದ್ ಬಡಾವಣೆಯ ಬ್ಯಾಚುಲರ್ ಫ್ಲ್ಯಾಟಿಗೆ ಬಂದ ಹೊಸತರಲ್ಲಿ, ಬೆನ್ನಿಗೆ ದೊಡ್ಡ ಚೀಲ ಹೊತ್ತು ಮೆಟ್ಟಿಲು ಹತ್ತಿ ಯಾವ ಬಾಗಿಲನ್ನೂ ತಟ್ಟದೆ ಇಳಿದುಹೋಗುವ ಮನುಷ್ಯನನ್ನು ಕಂಡು, ಪಾಪ, ವಿಳಾಸ ಸಿಕ್ಕಿಲ್ಲವೆಂದು ಮರುಗಿ, "ಎಲ್ಲಿಗೆ ಹೋಗಬೇಕಿತ್ತು?" ಎಂದು ಕೇಳಿದ್ದ. "ಬೇಸ್ ಕ್ಯಾಂಪಿಗೆ," ಎಂದಿದ್ದರು ಅದೇ ಕಟ್ಟಡದ ಲೋಕಯ್ಯಣ್ಣ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಸ್ಟೋರ್‌ಕೀಪರ್ ಆಗಿದ್ದ ಅವರಿಗೆ, ಗುಡ್ಡವೇ ಕಾಣದ ಈ ಊರಿನಲ್ಲಿ ಮೆಟ್ಟಿಲೇ ಹಿಮಾಲಯ. ಕೆಳಗಿನೆರಡು ಮಹಡಿ ತಪ್ಪಲು, ಎಸಿ ನೀರು ತೊಟ್ಟಿಕ್ಕುವ ಮೂರನೆಯದು ನದಿ ಕಣಿವೆ, ಜೂನ್ ತಿಂಗಳಲ್ಲಿ ಚಪ್ಪಲಿ ಕರಗಿಸುವ ತಾರಸಿ ಹಿಮಶಿಖರ. ಅಲ್ಲಿ ನಿಂತು ಚಳಿಗೆಂಬಂತೆ ಕೈ ಉಜ್ಜಿಕೊಳ್ಳುತ್ತಾರೆ. ಮೀನು ತರಲು ಹೋಗಿ ಜೊತೆಗೆ ಮೆಟ್ಟಿಲು ಹತ್ತುವವನಿಗೂ "ಮೆಲ್ಲ ಉಸಿರಾಡು ಮಾರಾಯ, ಮೇಲೆ ಗಾಳಿ ತೆಳು" ಎಂದು ಎಚ್ಚರಿಕೆ. ಒಂದು ಶುಕ್ರವಾರ ವಿನಯ್ ಆ ಚೀಲ ಎತ್ತಿಕೊಡಲು ಹೋದಾಗ ಜಿಪ್ಪು ಬಿಚ್ಚಿಕೊಂಡಿತು. ಹತ್ತು ಕಿಲೋ ಅಕ್ಕಿಯ ಮೇಲೆ ಹುಡುಗಿಯರ ಟ್ರೆಕ್ಕಿಂಗ್ ಶೂ, ನಾಲ್ಕು ಜೊತೆ, ಒಂದಕ್ಕಿಂತ ಒಂದು ದೊಡ್ಡದು, ಒಂದಕ್ಕೂ ಮಣ್ಣು ತಾಗಿಲ್ಲ. ಊರಲ್ಲಿರುವ ಮಗಳನ್ನು ಹಿಮಾಲಯಕ್ಕೆ ಕರಕೊಂಡು ಹೋಗುತ್ತೇನೆಂದು ಪ್ರತಿ ರಜೆಗೂ ಕೊಂಡದ್ದಂತೆ. ಪ್ರತಿ ಸಲವೂ ಕಂಪನಿ ರಜೆ ಮುಂದೂಡಿತ್ತು. "ಈಗಲೂ ಅವಳು ನಿಮ್ಮ ಜೊತೆ ಬರುತ್ತಾಳಾ ಲೋಕಯ್ಯಣ್ಣ?" ವಿನಯ್ ಕೇಳಿಯೇ ಬಿಟ್ಟ. ಅವರು ಚೀಲ ಬೆನ್ನಿಗೇರಿಸಿದರು. "ಅವಳು ಹೋದ ವರ್ಷವೇ ಕಾಲೇಜಿನವರ ಜೊತೆ ಹತ್ತಿ ಬಂದಾಯ್ತು. ಇನ್ನು ಅವಳೇ ನನ್ನನ್ನು ಕರಕೊಂಡು ಹೋಗುವುದಂತೆ. ಅರ್ಧ ದಾರಿಯಲ್ಲಿ ಕೂತುಬಿಟ್ಟರೆ ಮರ್ಯಾದೆ ಹೋಗ್ತದೆ ಮಾರಾಯ, ದಾರಿ ಬಿಡು."